ಸ್ಪಂಜು ಮುಟ್ಟದ ರಜೆ

ಈ ಸಲದ ರಜೆಯಲ್ಲಿ ನಾನು ಸ್ಪಂಜು ಮುಟ್ಟುವುದಿಲ್ಲ. ಪೊರಕೆ ಹಿಡಿಯುವುದಿಲ್ಲ. ಬಾಣಲೆ, ಸೌಟು, ನೆಲ ಒರೆಸುವ ಬಟ್ಟೆ, ಯಾರೋ ಕುರ್ಚಿಯ ಮೇಲೆ ಬಿಸಾಕಿ ಹೋದ ಒದ್ದೆ ಟವೆಲು, ಯಾವುದರ ಕಡೆಗೂ ಕಣ್ಣೆತ್ತಿ ನೋಡುವುದಿಲ್ಲ.

ಈ ಭೀಷ್ಮಪ್ರತಿಜ್ಞೆಯನ್ನು ನಾನು ಕೈಗೊಂಡದ್ದು ಹೆದ್ದಾರಿಯಲ್ಲಿ, ರೆನ್ ನಗರ ದಾಟಿದ ಮೇಲೆ, ನಮ್ಮ ಕಾರಿನ ಮುಂದಿನ ಸೀಟಿನಲ್ಲಿ. ಆಗ ನನ್ನ ಕೈಯಲ್ಲಿ ಒಂದು ಬೇಯಿಸಿದ ಮೊಟ್ಟೆ ಇತ್ತು. ಕಾರು ಓಡಿಸುತ್ತಿದ್ದ ನನ್ನ ಗಂಡ ರೆಜೀಸ್‌ಗೆ ಹಸಿವಾಗಿತ್ತು, ನಾನು ಸಿಪ್ಪೆ ಸುಲಿಯುತ್ತಿದ್ದೆ. ಅರ್ಧ ಸುಲಿದ ಮೊಟ್ಟೆಯನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

"ಏನಾಯ್ತು?" ಎಂದ ರೆಜೀಸ್.

"ರಜೆ ಶುರುವಾಯ್ತು," ಎಂದೆ.

ಮೊಟ್ಟೆಯ ಈ ಅವಮಾನಕ್ಕೆ ಕಾರಣ ಒಂದು ಕರಪತ್ರ. 'ಕರಾವಳಿಯ ಹಳ್ಳಿಯಲ್ಲಿ ರಜೆ: ಏನೇನು ಮಾಡಬಹುದು?' ಎಂದು ಅದರ ತಲೆಬರಹ. ಓರ್ಲೆಯಾಂನಲ್ಲಿ ಮನೆಗೆ ಬೀಗ ಹಾಕಿದಾಗಿನಿಂದ ಅದು ನನ್ನ ತೊಡೆಯ ಮೇಲೆಯೇ ಇತ್ತು. ಪುಟ ತುಂಬ ಚಿತ್ರ. ಬಂಡೆಯ ಮೇಲೆ ಬಲೆ ಹಿಡಿದು ನಿಂತ ಗಂಡಸು. ಸೈಕಲ್ಲಿನ ಮೇಲೆ ಗಂಡಸು. ಪಿಕ್ನಿಕ್ ಬುಟ್ಟಿಯ ಸುತ್ತ ಕೂತು ನಗುತ್ತಿರುವ ಸಂಸಾರ. ಆ ಬುಟ್ಟಿಗಾಗಿ ಬ್ರೆಡ್ಡು ಕೊಯ್ದು ಬೆಣ್ಣೆ ಹಚ್ಚಿದವಳು ಯಾರು, ತಿಂದಾದ ಮೇಲೆ ಜಿಡ್ಡು ಡಬ್ಬಿಗಳನ್ನು ತೊಳೆದವಳು ಯಾರು ಎಂಬ ಚಿತ್ರ ಮಾತ್ರ ಎಲ್ಲೂ ಇರಲಿಲ್ಲ. ಬಹುಶಃ ಚಿತ್ರ ತೆಗೆಯುವಾಗ ಅವಳು ಕ್ಯಾಮೆರಾದವನ ಕೋಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳೇನೋ.

"ಎಲ್ಲಾ ಪ್ಲ್ಯಾನ್ ಆಗಿದೆ," ಎಂದು ರೆಜೀಸ್ ಸ್ಟೀರಿಂಗಿನ ಮೇಲೆ ತಾಳ ಹಾಕಿದ್ದ. "ಸೈಕಲ್ಲು, ಕಡಲಂಚಿನ ಕಾಲುದಾರಿ, ಒಂದಿನ ಕೆಂಡದ ಮೇಲೆ ಮೀನು, ದೊಡ್ಡ ಇಳಿತದ ದಿನ ಚಿಪ್ಪುಮೀನು ಹೆಕ್ಕೋದು. ನೀನೇನೂ ಯೋಚ್ನೆ ಮಾಡ್ಬೇಡ ಮಿರೇಯ್. ಸುಮ್ನೆ ಬಂದ್ರೆ ಸಾಕು."

ಸುಮ್ಮನೆ ಬಂದರೆ ಸಾಕು! ಮೂವತ್ತು ವರ್ಷದ ಸಂಸಾರದಲ್ಲಿ ಈ ಭಾಷೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸೈಕಲ್ಲು ಎಂದರೆ ಕೆಸರು ಮೆತ್ತಿದ ಪ್ಯಾಂಟು. ಕಾಲುದಾರಿ ಎಂದರೆ ಕಟ್ಟಿಕೊಡಬೇಕಾದ ಬುತ್ತಿ. ಈಜು ಎಂದರೆ ಒಂದೊಂದು ಟವೆಲಿನಲ್ಲೂ ಒಂದೊಂದು ಬೊಗಸೆ ಮರಳು. ಇನ್ನು ಕೆಂಡದ ಮೇಲೆ ಮೀನು ಎಂದರೆ, ಮೀನು ತಂದು, ಹೆರೆದು, ಮಸಾಲೆ ಸವರಿ, ಸಲಾಡ್ ಹೆಚ್ಚಿ, ಆಲೂಗಡ್ಡೆ ಬೇಯಿಸಿ, ಮೇಜು ಜೋಡಿಸುವುದು ನಾನು. ಚಿಮಟ ಹಿಡಿದು ಹೊಗೆಯಲ್ಲಿ ದಂಡನಾಯಕನಂತೆ ನಿಲ್ಲುವುದು ರೆಜೀಸ್. ಕೊನೆಗೆ ಎಲ್ಲರೂ, "ಆಹಾ, ಇವತ್ತಿನ ಅಡುಗೆ ರೆಜೀಸ್‌ದು," ಎಂದು ಅವನ ಬೆನ್ನು ತಟ್ಟುತ್ತಾರೆ. ನನಗೆ ಹೇಳುವುದು, "ನಿನಗೆ ಇವತ್ತು ರೆಸ್ಟು, ಅಲ್ವಾ?"

ಹಾಗಾಗಿ ಪ್ರತಿಜ್ಞೆ. ರೆಜೀಸ್ ಬಿದ್ದು ಬಿದ್ದು ನಕ್ಕ.

"ಎರಡು ದಿನ ತಡೀಯಲ್ಲ ನೀನು."

"ವಾರವಿಡೀ ತಡೀತೀನಿ. ಮುಂದಿನ ಶನಿವಾರ ಮನೆ ಕೀಲಿ ವಾಪಸ್ ಕೊಡೋ ತನಕ."

"ತಡೆದ್ರೆ?"

"ತಡೆದ್ರೆ ಮುಂದಿನ ವರ್ಷದ ರಜೆ ನಾನು ಹೇಳಿದ ಕಡೆ. ಬೆಟ್ಟದ ಮೇಲಿನ ಹೋಟೆಲು. ಅಲ್ಲಿ ಹಾಸಿಗೆ ಬೇರೆಯವರು ಹಾಸ್ತಾರೆ, ಕಾಫಿ ಬೇರೆಯವರು ಕಾಯಿಸ್ತಾರೆ."

"ಸೋತ್ರೆ ಮುಂದಿನ ವರ್ಷವೂ ಇದೇ ಸಮುದ್ರ, ಇದೇ ಮನೆ. ಮತ್ತೆ ನೀನು ಗೊಣಗೋ ಹಾಗಿಲ್ಲ."

"ಒಪ್ಪಿದೆ. ಇನ್ನೊಂದು ಷರತ್ತು. 'ಅದು ಎಲ್ಲಿದೆ, ಇದು ಎಲ್ಲಿದೆ' ಅಂತ ಕೇಳಿದ್ರೆ ಉತ್ತರ ಕೊಡಲ್ಲ. ಹುಡುಕಿ ಕೊಡೋದೂ ಕೆಲಸಾನೇ."

"ಅದರಲ್ಲೇನಿದೆ?" ಎಂದ ರೆಜೀಸ್. ಪಾಪ.

ಹಿಂದಿನ ಸೀಟಿನಿಂದ ನಮ್ಮ ಅತ್ತೆಯ ದನಿ ಬಂತು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆವು. "ಪಂದ್ಯ ಅಂದ್ಮೇಲೆ ರೆಫರಿ ಬೇಕು. ನಾನಿರ್ತೀನಿ."

"ನೀವು ನಿಮ್ಮ ಮಗನ ಕಡೆಯವರು ಅತ್ತೆ," ಎಂದೆ.

"ನಾನು ಯಾರ ಕಡೆಯವಳೂ ಅಲ್ಲ ಕಣೇ. ಆದ್ರೆ ಒಂದು ಮಾತು. ರೆಫರಿ ಆದವಳು ಚೆಂಡಿಗೆ ಕಾಲು ಹಾಕಬಾರದು. ಹಾಗಾಗಿ ನಾನೂ ಅಡುಗೆಮನೆಗೆ ಹೋಗಲ್ಲ."

ಓರೆಗಣ್ಣಿನಿಂದ ರೆಜೀಸ್‌ನ ಮುಖ ನೋಡಿದೆ. ಅವನ ನಗು ಮೊದಲ ಸಲ ಕೊಂಚ ಇಳಿದಿತ್ತು. ಹೆಂಡತಿ ಕೈಬಿಟ್ಟರೆ ಅಮ್ಮ ಇದ್ದಾಳೆ ಎಂಬ ಲೆಕ್ಕ ಅವನ ತಲೆಯಲ್ಲಿತ್ತು ಎಂದು ಕಾಣುತ್ತದೆ.

ಮನೆ ಚೆನ್ನಾಗಿಯೇ ಇತ್ತು. ಕಲ್ಲಿನ ಗೋಡೆ, ನೀಲಿ ಕಿಟಕಿ, ಹಿಂದೆ ಆರ್ಟಿಚೋಕ್ ಹೊಲ, ಹೊಲ ಮುಗಿದಲ್ಲಿ ಸಮುದ್ರ. ಮಾಲೀಕಳು ಮದಾಮ್ ಗೆಗೆನ್ ಪಕ್ಕದ ಕೇರಿಯವಳು, ಮಾತು ಕಡಿಮೆ, ಕಣ್ಣು ಚುರುಕು. ಕೀಲಿ ಕೊಡುವಾಗ ನನ್ನನ್ನೇ ನೋಡಿಕೊಂಡು, "ಹೋಗುವಾಗ ಮನೆ ಬಂದಾಗ ಹೇಗಿತ್ತೋ ಹಾಗಿರಲಿ, ಮದಾಮ್," ಎಂದಳು. ಬಾಡಿಗೆ ಕರಾರಿಗೆ ಸಹಿ ಹಾಕಿದ್ದು ರೆಜೀಸ್. ಕೀಲಿಗೆ ಕೈ ಚಾಚಿದ್ದೂ ರೆಜೀಸ್. ಆದರೆ ಮಾತು ನನಗೆ!

ಅವಳು ಹೋದ ಮೇಲೆ ಅಡುಗೆಮನೆಗೆ ಇಣುಕಿದೆ. ಅಲ್ಲೇ ಕಂಡಿತು ಆ ಕಲೆ.

ಸಿಂಕಿನ ಪಕ್ಕದ ಬಿಳಿ ಕಲ್ಲಿನ ಮೇಲೆ, ಅಂಗೈ ಅಗಲದ ಕಂದು ಕಲೆ. ಚಹಾ ಚೆಲ್ಲಿ ಒಣಗಿದ ಹಾಗೆ, ಅಥವಾ ತುಕ್ಕು ಹಿಡಿದ ಡಬ್ಬಿಯ ತಳ ಅಂಟಿಕೊಂಡ ಹಾಗೆ. ಒಂದು ಸಲ ಸ್ಪಂಜು ಎಳೆದರೆ ಹೋದೀತು ಎನ್ನಿಸುವಂಥದ್ದು. ನನ್ನ ಬಲಗೈ ತುರಿಸಿತು. ಕೈಯನ್ನು ಜೇಬಿಗೆ ಹಾಕಿಕೊಂಡೆ. ಪಕ್ಕಕ್ಕೆ ತಿರುಗಿದರೆ ಅತ್ತೆಯೂ ಅದನ್ನೇ ನೋಡುತ್ತಿದ್ದರು. ನಮ್ಮ ಕಣ್ಣು ಕಣ್ಣು ಕೂಡಿತು. ಇಬ್ಬರೂ ಏನೂ ಕಾಣದವರ ಹಾಗೆ ಹೊರಗೆ ಬಂದೆವು.

ಮರುದಿನದಿಂದ ಯುದ್ಧ ಶುರುವಾಯಿತು. ಅದರ ರಣಘೋಷ ಒಂದೇ: ಎಲ್ಲಿದೆ?

"ಮಿರೇಯ್, ಕಾಫಿ ಸೋಸೋ ಕಾಗದ ಎಲ್ಲಿದೆ?"

ನಾನು ಸಮುದ್ರ ನೋಡಿದೆ.

"ಮಿರೇಯ್, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?"

ಸಮುದ್ರದಲ್ಲಿ ಒಂದು ಹಡಗು ಹೋಗುತ್ತಿತ್ತು. ಬಹಳ ಚೆನ್ನಾಗಿತ್ತು.

"ಅಮ್ಮಾ, ನೀನಾದ್ರೂ ಹೇಳು, ಡಬ್ಬಿ ತೆಗೆಯೋದು ಎಲ್ಲಿದೆ?"

"ನಾನು ರೆಫರಿ ಕಣೋ," ಎಂದರು ಅತ್ತೆ, ಪತ್ರಿಕೆಯಿಂದ ತಲೆಯೆತ್ತದೆ.

ಮೊದಲ ದಿನ ಸಾರ್ಡೀನ್ ಮೀನಿನ ಡಬ್ಬಿ ತಿಂದೆವು. ಎರಡನೆಯ ದಿನವೂ ಸಾರ್ಡೀನ್, ಆದರೆ ಟೊಮೆಟೊ ಸಾರಿನಲ್ಲಿದ್ದದ್ದು. ಇದು ವೈವಿಧ್ಯ ಎಂದು ರೆಜೀಸ್ ವಾದಿಸಿದ. ಆಮೇಲೆ ಹಳ್ಳಿಯ ಅಂಗಡಿಯಿಂದ ಈ ತೀರದವರ ಗಾಲೆತ್, ಅಂದರೆ ಬಕ್‌ವೀಟ್ ಹಿಟ್ಟಿನ ತೆಳು ದೋಸೆಯಂಥದ್ದು, ಕಟ್ಟಿಸಿ ತಂದ. ಎಂಜಲು ತಟ್ಟೆಗಳು ಸಿಂಕಿನಲ್ಲಿ ಗೋಪುರವಾದವು. ಗೋಪುರ ವಾಲತೊಡಗಿದಾಗ ಅವನು ತೋಳು ಮಡಿಸಿಕೊಂಡು ನಿಂತು, ಯಾರಿಗೋ ಸಾಕ್ಷಿ ಹೇಳುವವನಂತೆ ಜೋರಾಗಿ, "ನಾನೀಗ ಪಾತ್ರೆ ತೊಳೀತಾ ಇದ್ದೀನಿ," ಎಂದು ಸಾರಿದ. ನಾನು ದಿನಾ ತೊಳೆಯುವಾಗ ಹೀಗೆ ಸಾರಬೇಕು ಎಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಎಂಥ ಪೆದ್ದಿ ನಾನು.

ತಟ್ಟೆ ತೊಳೆದ. ಕಲ್ಲು ಒರೆಸಿದ. ಕಲೆಯ ಸುತ್ತ ಒರೆಸಿದ. ಕಲೆ ಅವನಿಗೆ ಕಾಣಲೇ ಇಲ್ಲ. ಅದರ ಮೇಲೆ ಗ್ಲಾಸುಗಳನ್ನು ಬೋರಲು ಹಾಕಿ ಸೀಟಿ ಹೊಡೆಯುತ್ತ ಹೊರಗೆ ಹೋದ.

ನಾನು ಮತ್ತು ಅತ್ತೆ ಕರಪತ್ರವನ್ನು ನಮಗಾಗಿ ವಶಪಡಿಸಿಕೊಂಡೆವು. ಕಡಲಂಚಿನ ಕಾಲುದಾರಿಯಲ್ಲಿ ನಡೆದೆವು. ಬುತ್ತಿ ಇಲ್ಲ, ಬುಟ್ಟಿ ಇಲ್ಲ, ಕೈಬೀಸಿಕೊಂಡು. ದಾರಿಯಲ್ಲಿ ಎದುರಾದ ಹೆಂಗಸರೆಲ್ಲರ ಬೆನ್ನ ಮೇಲೂ ಚೀಲ, ಗಂಡಸರ ಕೊರಳಲ್ಲಿ ದುರ್ಬೀನು. ಅತ್ತೆ ಹುಟ್ಟಿದ್ದು ಇದೇ ತೀರದಲ್ಲಿ, ಇಲ್ಲಿಂದ ಕೊಂಚ ದೂರದ ಹಳ್ಳಿಯಲ್ಲಿ. ಮದುವೆಯಾಗಿ ಓರ್ಲೆಯಾಂ ಸೇರಿದವರು. ಬಂಡೆಯೊಂದರ ಮೇಲೆ ಕೂತು ಬೂಟು ಬಿಚ್ಚಿದರು.

"ಈ ಸಮುದ್ರ ನಾನು ಯಾವಾಗ್ಲೂ ಕಿಟಕಿಯಿಂದ್ಲೇ ನೋಡಿದ್ದು ಕಣೇ," ಎಂದರು. "ನಮ್ಮಪ್ಪ, ಅಣ್ಣಂದಿರು ನೀರಿಗೆ ಹೋಗೋರು. ನಾವು ಅವರು ತಂದದ್ದನ್ನ ತೊಳೆಯೋರು. ಮದುವೆ ಆದ್ಮೇಲೆ ರಜೆಗೆ ಬಂದ್ರೂ ಅಷ್ಟೇ. ಸಿಂಕಿನ ಮುಂದೆ ಒಂದು ಕಿಟಕಿ ಇರ್ತಿತ್ತು, ಅದೊಂದು ಪುಣ್ಯ."

ಲಂಗ ಎತ್ತಿ ಕಟ್ಟಿ ಮೊಣಕಾಲು ಮಟ್ಟದ ನೀರಿಗೆ ಇಳಿದರು. ತಣ್ಣೀರಿಗೆ ಬೈಯುತ್ತ ಅಲ್ಲಿಯೇ ಬಹಳ ಹೊತ್ತು ನಿಂತರು. ವಾಪಸು ಬರುವಾಗ ನನ್ನ ತೋಳು ಹಿಡಿದು ಮೆಲ್ಲಗೆ, "ಬೆಟ್ಟದ ಮೇಲೆ ಆ ಹೋಟೆಲಲ್ಲಿ ಹಾಸಿಗೆಗೇ ಕಾಫಿ ತಂದ್ಕೊಡ್ತಾರಂತಾ?" ಎಂದು ಕೇಳಿದರು.

"ತಂದ್ಕೊಡ್ತಾರೆ ಅತ್ತೆ. ಜೊತೆಗೆ ಬೆಣ್ಣೆ ರೊಟ್ಟಿ."

"ಹಾಗಾದ್ರೆ ಸೋಲಬೇಡ ಕಣೇ," ಎಂದರು. "ಆದ್ರೆ ನಾನು ರೆಫರಿ. ಮೋಸ ಕಂಡ್ರೆ ಬಿಡಲ್ಲ."

ಅಂದಿನಿಂದ ನಾನು ನನ್ನೊಬ್ಬಳಿಗಾಗಿ ಹೋರಾಡುತ್ತಿರಲಿಲ್ಲ.

ಗುರುವಾರ ದೊಡ್ಡ ಇಳಿತ. ವರ್ಷಕ್ಕೆ ಕೆಲವೇ ಸಲ ಸಮುದ್ರ ಇಷ್ಟು ದೂರ ಹಿಂದೆ ಸರಿಯುವುದು. ಅದೂ ನಡುಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ. ಬೇರೆ ದಿನ ಊಟದ ಗಂಟೆಯನ್ನು ಪ್ರಾಣ ಹೋದರೂ ತಪ್ಪಿಸದ ನಮ್ಮ ಜನ ಅವತ್ತು ಉಪವಾಸ ಬಿದ್ದು, ಮರಳು ಕೆದಕುವ ಹಲುಬೆ, ಬಕೆಟ್ಟು ಹಿಡಿದು ತೀರದುದ್ದಕ್ಕೂ ಬಗ್ಗಿ ನಿಂತಿರುತ್ತಾರೆ. ಮೇಲಿನಿಂದ ನೋಡಿದರೆ ಇಡೀ ದೇಶ ಏನೋ ಕಳೆದುಕೊಂಡು ಹುಡುಕುತ್ತಿದೆ ಎನ್ನಬೇಕು.

ರೆಜೀಸ್ ಇದಕ್ಕಾಗಿ ಹೊಸ ಬೂಟು ಕೊಂಡಿದ್ದ. ಹೊಸ ಹಲುಬೆ, ಹೊಸ ಟೊಪ್ಪಿಗೆ. "ನಂಗೆ ಯಾರೂ ಹೇಳ್ಕೊಡೋದು ಬೇಡ. ಅಮ್ಮ ಈ ತೀರದವಳು. ಸಮುದ್ರ ನನ್ನ ರಕ್ತದಲ್ಲೇ ಇದೆ," ಎಂದ. ಓರ್ಲೆಯಾಂನಲ್ಲಿ ಹುಟ್ಟಿ ಬೆಳೆದವನ ರಕ್ತದಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಇದ್ದರೆ ಉಪ್ಪಿನ ಅಂಶ ಕೊಂಚ ಹೆಚ್ಚಿರಬಹುದು. ವೈದ್ಯರೂ ಅದನ್ನೇ ಹೇಳಿದ್ದಾರೆ.

ಸಂಜೆಗೆ ವಿಜಯಿಯಾಗಿ ಬಂದ. ಎರಡು ಬಕೆಟ್ ತುಂಬ ಚಿಪ್ಪುಮೀನು, ಚಿಪ್ಪುಮೀನಿಗಿಂತ ಹೆಚ್ಚು ಮರಳು. ಜೊತೆಗೆ ಒಂದು ಸುದ್ದಿ.

"ನಾಳೆ ಸಂಜೆ ಕೆಲವರನ್ನ ಅಪೆರೊಗೆ ಕರೆದಿದ್ದೀನಿ."

"ಕೆಲವರು ಅಂದ್ರೆ?"

"ಪಕ್ಕದಲ್ಲಿ ಹೆಕ್ತಾ ಇದ್ದೋರು. ಆಮೇಲೆ ಅವರ ಪಕ್ಕದೋರು. ರಿಟೈರ್ಡ್ ಪೋಸ್ಟ್‌ಮ್ಯಾನ್ ಒಬ್ರಿದ್ರು, ಬಹಳ ಒಳ್ಳೆ ಮನುಷ್ಯ. ಊಟಕ್ಕಲ್ಲ ಮಾರಾಯ್ತಿ, ಬರೀ ಅಪೆರೊ."

ಬರೀ ಅಪೆರೊ! ಊಟಕ್ಕೆ ಮುಂಚೆ ಸುಮ್ಮನೆ ಒಂದು ಗ್ಲಾಸು. ಊಟವಲ್ಲ, ಆದ್ದರಿಂದ ಕೆಲಸವೂ ಇಲ್ಲ ಎಂಬುದು ನಮ್ಮ ಗಂಡಸರು ತಲೆಮಾರುಗಳಿಂದ ನಂಬಿಕೊಂಡು ಬಂದ ಸಿದ್ಧಾಂತ. ಗ್ಲಾಸು ತಾನಾಗಿಯೇ ಹೊಳೆಯುತ್ತದೆ. ಆಲಿವ್ ಕಾಯಿ ತಾನಾಗಿಯೇ ಬಟ್ಟಲಿಗೆ ನೆಗೆಯುತ್ತದೆ. ಬ್ರೆಡ್ಡಿನ ತುಂಡುಗಳು ಸಾಲಾಗಿ ನಿಂತು ಒಂದರ ಬೆನ್ನಿಗೆ ಒಂದು ಬೆಣ್ಣೆ ಸವರಿಕೊಳ್ಳುತ್ತವೆ. ಬೇರೆ ವರ್ಷವಾಗಿದ್ದರೆ ನಾನು ಆಗಲೇ ಏಳುತ್ತಿದ್ದೆ. ಈ ಸಲ ಕಾಲ ಮೇಲೆ ಕಾಲು ಹಾಕಿದೆ.

"ಒಳ್ಳೇದಾಯ್ತು. ನಂಗೂ ಒಂದು ಗ್ಲಾಸು ಇಡು," ಎಂದೆ.

ಚಿಪ್ಪುಮೀನು ಹೊಟ್ಟೆಯೊಳಗೆ ಮರಳು ತುಂಬಿಕೊಂಡಿರುತ್ತದೆ. ಬೇಯಿಸುವ ಮುಂಚೆ ಒಂದು ರಾತ್ರಿ ಸಮುದ್ರದ ನೀರಿನಲ್ಲೇ ಬಿಡಬೇಕು, ಆಗ ಅದು ನಿಧಾನವಾಗಿ ಬಾಯಿ ಬಿಟ್ಟು ಮರಳನ್ನು ಉಗುಳುತ್ತದೆ. ಅದಕ್ಕೇ ತೀರದವರು ಬರುವಾಗ ಒಂದು ಕ್ಯಾನಿನಲ್ಲಿ ಸಮುದ್ರದ ನೀರನ್ನೂ ಹೊತ್ತು ತರುತ್ತಾರೆ. ರಕ್ತದಲ್ಲೇ ಸಮುದ್ರ ಇಟ್ಟುಕೊಂಡಿದ್ದವನು ನೀರನ್ನು ಸಮುದ್ರದಲ್ಲೇ ಬಿಟ್ಟು ಬಂದಿದ್ದ.

ಅವನು ಎರಡೂ ಬಕೆಟ್ಟುಗಳನ್ನು ಮರಳು ಸಮೇತ ಸ್ನಾನದ ತೊಟ್ಟಿಗೆ ಸುರಿದು, ನಲ್ಲಿ ತಿರುಗಿಸಿ, ಅಡುಗೆ ಉಪ್ಪಿನ ಪ್ಯಾಕೆಟ್ಟು ಪೂರ್ತಿ ಹಾಕಿ, "ಆಯ್ತು, ಸಮುದ್ರ," ಎಂದ. ನೀರು ಬೆಚ್ಚಗಿತ್ತು. ಚಿಪ್ಪುಮೀನುಗಳಿಗೆ ಪಾಪ ಚಳಿಯಾಗದಿರಲಿ ಎಂದಂತೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬಾಯಿ ತೆರೆದರು. ಮುಚ್ಚಿದರು. ವರಾಂಡಕ್ಕೆ ಬಂದು ನನ್ನ ಪಕ್ಕ ಕೂತು, "ಅಯ್ಯೋ, ಹೇಳ್ದೆ ಇರೋದು ಎಷ್ಟು ಕಷ್ಟ ಕಣೇ," ಎಂದು ನಿಟ್ಟುಸಿರು ಬಿಟ್ಟರು.

ಬೆಚ್ಚನೆ ಉಪ್ಪುನೀರಿಗೆ ಹೆದರಿ ಚಿಪ್ಪುಗಳು ಬಾಯಿ ಬಿಗಿದು ಕೂತವು. ಶುಕ್ರವಾರ ಮಧ್ಯಾಹ್ನ ರೆಜೀಸ್ ಅವುಗಳನ್ನು ಬಾಚಿ ಪಾತ್ರೆಗೆ ಹಾಕಿಕೊಂಡು ತೊಟ್ಟಿಯ ಬಿರಡೆ ಎಳೆದ. ತಳದಲ್ಲಿ ಕೂತಿದ್ದ ಮರಳೆಲ್ಲ ಒಂದೇ ಮನಸ್ಸಿನಿಂದ ಕೊಳವೆಗೆ ನುಗ್ಗಿತು. ಮನೆ ಹಳೆಯದು, ಕೊಳವೆಗಳೂ ಹಳೆಯವು, ಎಲ್ಲ ಒಂದಕ್ಕೊಂದು ನೆಂಟರು. ತೊಟ್ಟಿಯ ನೀರು ನಿಂತಿತು. ಕೈತೊಳೆಯುವ ತೊಟ್ಟಿ ಗೊರಗೊರ ಎಂದಿತು. ಅಡುಗೆಮನೆಯ ಸಿಂಕಿನಿಂದ ಕಡಲಿನ ವಾಸನೆ ಎದ್ದಿತು.

"ಮಿರೇಯ್," ಎಂದು ಕೂಗಿದ, "ಆ ರಬ್ಬರ್ ಬಟ್ಟಲಿಗೆ ಕೋಲು ಸಿಕ್ಕಿಸಿರ್ತಾರಲ್ಲ, ಅದು ಎಲ್ಲಿದೆ?"

ಸಮುದ್ರ ಆ ಹೊತ್ತಿಗೆ ಮತ್ತೆ ತುಂಬಿ ಬರುತ್ತಿತ್ತು. ನೋಡಲು ಅಂದವಾಗಿತ್ತು.

ಏಳು ಗಂಟೆಗೆ ಅತಿಥಿಗಳು ಬಂದರು. ಬಂದವರು ಬರುತ್ತಲೇ ಇದ್ದರು. ಗಂಡಸರಿಗೆ ಕೊಳವೆಯ ಸುದ್ದಿ ತಿಳಿದದ್ದೇ ತಡ, ಎಲ್ಲರೂ ಗ್ಲಾಸು ಹಿಡಿದು ಬಚ್ಚಲಿಗೆ ನುಗ್ಗಿದರು. ತೊಟ್ಟಿಯ ಸುತ್ತ ನಿಂತು, ರೋಗಿಯ ಮಂಚದ ಸುತ್ತ ನಿಂತ ವೈದ್ಯರಂತೆ, ಒಬ್ಬೊಬ್ಬರು ಒಂದೊಂದು ಅಭಿಪ್ರಾಯ ಕೊಟ್ಟರು.

"ಇದು ಕೊಳವೆಯ ಬಾಗಿನಲ್ಲೇ ಇರೋದು."

"ಹೊರಗಡೆ ಗುಂಡಿಯಿಂದ ನೋಡ್ಕೊಂಡು ಬರ್ಬೇಕು."

"ನಮ್ಮನೇಲೂ ಹೀಗೇ ಆಗಿತ್ತು."

"ಏನು ಮಾಡಿದ್ರಿ?"

"ನನ್ನ ಹೆಂಡ್ತಿ ಏನೋ ಮಾಡಿದ್ಲು."

ಹೊರಗೆ ಅಂಗಳದಲ್ಲಿ ನಾವು ಹೆಂಗಸರು. ಬಂದವರಲ್ಲಿ ಒಬ್ಬಳು ಕೂತ ಕೂಡಲೇ ಎದ್ದಳು. "ಬಟ್ಟಲು ಎಲ್ಲಿದೆ ಹೇಳಿ, ಆಲಿವ್ ಹಾಕ್ಕೊಂಡ್ ಬರ್ತೀನಿ." ಇನ್ನೊಬ್ಬಳು, "ಬ್ರೆಡ್ ನಾನು ಕೊಯ್ತೀನಿ," ಎಂದಳು. ಕೈಗಳು ತಾವಾಗಿಯೇ ಏಪ್ರನ್ ಹುಡುಕುತ್ತಿದ್ದವು.

"ಕೂತ್ಕೊಳ್ಳಿ," ಎಂದೆ. ಪಂದ್ಯದ ಕಥೆ ಹೇಳಿದೆ.

ಆಮೇಲೆ ಎದ್ದಿದ್ದವರು ಕೂತರು. ಪೋಸ್ಟ್‌ಮ್ಯಾನ್ ಹೆಂಡತಿ ಚಪ್ಪಲಿ ಕಳಚಿ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟಳು. "ಹೀಗೆ ಕೂತು ಅಪೆರೊ ಮಾಡಿದ್ದು ನನ್ನ ಮದುವೆ ದಿನ ಇರ್ಬೇಕು," ಎಂದಳು. "ಇಲ್ಲ ಇಲ್ಲ, ಅವತ್ತೂ ನಾನೇ ಬಡಿಸಿದ್ದೆ."

ಇದು ನನ್ನ ಜೀವನದ ಅತ್ಯುನ್ನತ ಗಳಿಗೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಒಬ್ಬಳೂ ಏಳಲಿಲ್ಲ. ಸೂರ್ಯ ಸಮುದ್ರಕ್ಕೆ ಇಳಿದ. ಗ್ಲಾಸು ಖಾಲಿಯಾಯಿತು, ಯಾರೂ ತುಂಬಲಿಲ್ಲ, ಯಾರೂ ಏಳಲಿಲ್ಲ. ಕೊನೆಗೆ ಒಳಗಿನ ವೈದ್ಯಮಂಡಳಿಗೆ ಹಸಿವಾಗಿ ಒಬ್ಬೊಬ್ಬರೇ ಹೊರಬಂದು, ಮೇಜಿನ ಮೇಲೆ ಏನೂ ಇಲ್ಲದ್ದು ಕಂಡು ದಿಕ್ಕೆಟ್ಟು ನಿಂತರು. ಬಾಟಲಿ ಅವರೇ ತಂದರು. ಬ್ರೆಡ್ಡನ್ನು ಕೈಯಲ್ಲೇ ಹರಿದರು. ರೆಜೀಸ್ ಈರುಳ್ಳಿ, ಬಿಳಿ ವೈನು ಹಾಕಿ ಬೇಯಿಸಿದ ಚಿಪ್ಪುಮೀನಿನ ದೊಡ್ಡ ಪಾತ್ರೆಯನ್ನು ಮೇಜಿನ ನಡುವೆ ಇಟ್ಟು ಹಿಂದೆ ಸರಿದು ನಿಂತ, ಚಪ್ಪಾಳೆಗೆ ಕಾಯುವವನಂತೆ.

ಎಲ್ಲರೂ ಒಟ್ಟಿಗೆ ಕಚ್ಚಿದರು. ಕರಕರ ಎಂಬ ಸದ್ದು ಅಂಗಳದ ಈ ತುದಿಯಿಂದ ಆ ತುದಿಗೆ ಹಬ್ಬಿತು. ಜಲ್ಲಿ ಹಾಕಿದ ರಸ್ತೆಯ ಮೇಲೆ ಗಾಡಿ ಹೋದ ಹಾಗೆ. ಹೊರಗಿದ್ದ ಮರಳು ಕೊಳವೆಗೆ ಹೋಗಿತ್ತು, ಒಳಗಿದ್ದದ್ದು ಅತಿಥಿಗಳ ಪಾಲಿಗೆ ಉಳಿದಿತ್ತು. ಯಾರೂ ಮರಳಿನ ಮಾತೆತ್ತಲಿಲ್ಲ. ಮರ್ಯಾದಸ್ಥರು. "ತಾಜಾ ಇದೆ," ಎಂದ ಒಬ್ಬ. "ಸಮುದ್ರದ ರುಚಿ ಪೂರ್ತಿ ಬಂದಿದೆ," ಎಂದ ಇನ್ನೊಬ್ಬ. ಪೋಸ್ಟ್‌ಮ್ಯಾನ್ ಅಗಿಯುವುದನ್ನು ನಿಲ್ಲಿಸಿ, ಬಾಯಿಂದ ಏನನ್ನೋ ತೆಗೆದು ದೀಪಕ್ಕೆ ಹಿಡಿದು ನೋಡಿದರು.

"ಇದು ಚಿಪ್ಪಿನದಲ್ಲ," ಎಂದರು ಶಾಂತವಾಗಿ. "ಇದು ನನ್ನದು."

ಕಟ್ಟಿಸಿಕೊಂಡಿದ್ದ ಹಲ್ಲು. ಅವರ ಹೆಂಡತಿ ಕರವಸ್ತ್ರ ತೆಗೆಯಲು ಚೀಲಕ್ಕೆ ಕೈ ಹಾಕಿದಳು. ನನ್ನ ಕಡೆ ನೋಡಿದಳು. ಕೈ ವಾಪಸು ತೆಗೆದಳು. ಪೋಸ್ಟ್‌ಮ್ಯಾನ್ ತಮ್ಮ ಹಲ್ಲನ್ನು ತಮ್ಮ ಜೇಬಿಗೆ ತಾವೇ ಹಾಕಿಕೊಂಡರು. ನನ್ನ ಹೋರಾಟ ಊರಿಗೇ ಹಬ್ಬಿತ್ತು.

ಶನಿವಾರ ಬೆಳಿಗ್ಗೆ ರೆಜೀಸ್ ಮನೆ ಶುಚಿ ಮಾಡಿದ. ನ್ಯಾಯವಾಗಿ ಹೇಳಬೇಕು, ಮಾಡಿದ. ಎಲ್ಲಿಂದಲೋ ರಬ್ಬರ್ ಬಟ್ಟಲಿನ ಕೋಲನ್ನು ಎರವಲು ತಂದು, ಕೊಳವೆಯಿಂದ ಅರ್ಧ ಸಮುದ್ರತೀರವನ್ನು ಹೊರತೆಗೆದ. ಗುಡಿಸಿದ. ನೆಲ ಒರೆಸಿದ, ಆದರೆ ಬಾಗಿಲಿನಿಂದ ಶುರುಮಾಡಿ ಮೂಲೆಯ ಕಡೆಗೆ ಒರೆಸುತ್ತ ಹೋದದ್ದರಿಂದ ನೆಲ ಒಣಗುವ ತನಕ ಮೂಲೆಯಲ್ಲಿ ಪ್ರತಿಮೆಯಂತೆ ನಿಂತಿರಬೇಕಾಯಿತು. ಅಲ್ಲಿಂದಲೇ ಹೇಳಿದ: "ಮಿರೇಯ್, ಒಪ್ಕೊಂಡೆ. ಇದು ರಜೆ ಅಲ್ಲ. ನೀನು ಹೇಗಮ್ಮಾ ಇಷ್ಟು ವರ್ಷ..."

ವಾಕ್ಯ ಮುಗಿಸಲಿಲ್ಲ. ಬೇಕೂ ಇರಲಿಲ್ಲ. ನಾನು ಮನಸ್ಸಿನಲ್ಲೇ ಬೆಟ್ಟ ಹತ್ತುತ್ತಿದ್ದೆ. ಹಾಸಿಗೆಗೆ ಕಾಫಿ ಬರುತ್ತಿತ್ತು. ಅತ್ತೆ ಪಕ್ಕದ ಕೋಣೆಯಿಂದ ಇನ್ನೊಂದು ಬೆಣ್ಣೆ ರೊಟ್ಟಿ ಕೇಳುತ್ತಿದ್ದರು.

ಮದಾಮ್ ಗೆಗೆನ್ ಹೇಳಿದ ಹೊತ್ತಿಗೆ ಬಂದಳು. ರೆಜೀಸ್ ಹೊರಗೆ ಪೆಟ್ಟಿಗೆಗಳನ್ನು ಕಾರಿಗೆ ತುಂಬುತ್ತಿದ್ದ. ಕೀಲಿ ನನ್ನ ಕೈಯಲ್ಲಿತ್ತು. ಅದನ್ನು ಅವಳ ಕೈಗೆ ಹಾಕಿದರೆ ಮುಗಿಯಿತು. ಅವಳು ಮನೆ ಸುತ್ತ ನೋಡುತ್ತ ಬಂದಳು. ನಾನೂ ಅತ್ತೆಯೂ ಹಿಂದೆ ಹಿಂದೆ.

"ಹೊದಿಕೆ ಎಲ್ಲ ಮಡಿಸಿದ್ದೀರ ಮದಾಮ್?"

"ನನ್ನ ಗಂಡ ಮಡಿಸಿದ್ದಾರೆ."

"ಒಲೆ ಉಜ್ಜಿದ್ದೀರಲ್ಲ?"

"ನನ್ನ ಗಂಡ ಉಜ್ಜಿದ್ದಾರೆ."

"ಹೌದಾ?" ಅವಳ ಹುಬ್ಬು ಏರಿತು, ಮುಖ ಅರಳಿತು. "ಪುಣ್ಯವಂತೆ ಕಣ್ರೀ ನೀವು. ಯಜಮಾನ್ರು ಎಷ್ಟು ಸಹಾಯ ಮಾಡ್ತಾರೆ."

ಸಹಾಯ! ನನ್ನ ಮೈಯೆಲ್ಲ ಉರಿಯಿತು. ಅವನು ತಿಂದ ತಟ್ಟೆ, ಅವನು ತಂದ ಮರಳು, ಅವನಿಂದ ಕಟ್ಟಿಕೊಂಡ ಕೊಳವೆ, ಅವನು ಕರೆದ ಅತಿಥಿಗಳು. ಇದನ್ನೆಲ್ಲ ಅವನು ಶುಚಿ ಮಾಡಿದರೆ ಅದು ನನಗೆ ಸಹಾಯ. ಹಾಗಾದರೆ ಮೂವತ್ತು ವರ್ಷ ನಾನು ಮಾಡಿದ್ದು ಯಾರಿಗೆ ಸಹಾಯ? ಯಾರು ನನ್ನ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ, ಪುಣ್ಯವಂತ ಕಣ್ರೀ ನೀವು ಎಂದಿದ್ದಾರೆ? ಇದಕ್ಕೊಂದು ಉತ್ತರ ಕೊಡಲೇಬೇಕು, ಸರಿಯಾಗಿ ನಾಟುವಂಥದ್ದು, ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅಡುಗೆಮನೆಗೆ ಬಂದಿದ್ದೆವು. ಮದಾಮ್ ಗೆಗೆನ್ ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳ ಕಣ್ಣು ಸಿಂಕಿನ ಪಕ್ಕದ ಬಿಳಿ ಕಲ್ಲಿನ ಮೇಲೆ ಇಳಿಯಿತು. ಅಲ್ಲಿ, ಫಳಫಳ ಹೊಳೆಯುವ ಕಲ್ಲಿನ ನಡುವೆ, ಅಂಗೈ ಅಗಲದ ಆ ಕಂದು ಕಲೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಲೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ರೆಜೀಸ್‌ನನ್ನು ಅಲ್ಲ. ನನ್ನನ್ನು. ಇವಳು ಎಂಥ ಹೆಂಗಸು, ಇವಳ ಮನೆ ಹೇಗಿರಬಹುದು ಎಂದು ಆ ಕಣ್ಣು ಕೇಳಿದ ಹಾಗೆ ನನಗೆ ಅನ್ನಿಸಿತು.

"ಅಯ್ಯೋ ಮದಾಮ್, ನಮ್ಮನೇಲಿ ಹೀಗಿರಲ್ಲ," ಎಂಬ ಮಾತು ಕೇಳಿಸಿತು. ಹೇಳಿದವಳು ನಾನೇ. ಕೀಲಿಯನ್ನು ಮೇಜಿನ ಮೇಲೆ ಇಟ್ಟದ್ದೂ ನನ್ನ ಕೈಯೇ. ಸ್ಪಂಜು ಎಲ್ಲಿದೆ ಎಂದು ಆ ಕೈಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ತೋಳು ಮಡಿಸಿ, ಒದ್ದೆ ಮಾಡಿ, ಸೋಪು ಹಚ್ಚಿ, ಭುಜದ ಬಲ ಹಾಕಿ ಗಸಗಸ ತಿಕ್ಕುತ್ತಿದ್ದೆ. ವಾರವಿಡೀ ತುರಿಸಿದ ಕೈಗೆ ಆಹಾ, ಏನು ಸುಖ!

ಕಲೆ ಕದಲಲಿಲ್ಲ.

"ಬಿಡಿ ಮದಾಮ್," ಎಂದಳು ಮದಾಮ್ ಗೆಗೆನ್. "ಅದು ಹೋಗಲ್ಲ. ನಮ್ಮತ್ತೆ ಕಾಲದಿಂದ ಹಾಗೇ ಇದೆ, ಕಲ್ಲಿನೊಳಗೇ ಇಳಿದುಬಿಟ್ಟಿದೆ. ನೀವು ಅದನ್ನೇ ದಿಟ್ಟಿಸ್ತಾ ಇದ್ರಲ್ಲ, ಏನಪ್ಪಾ ಅಂತ ನಾನೂ ನೋಡ್ದೆ ಅಷ್ಟೇ."

ನಾನು ಸ್ಪಂಜು ಹಿಡಿದು ನಿಂತೇ ಇದ್ದೆ. ನೊರೆ ಮೊಣಕೈಗೆ ಇಳಿಯುತ್ತಿತ್ತು.

"ಪ್ರತಿ ಶನಿವಾರ ಒಬ್ಬೊಬ್ಬಳು ಇಲ್ಲಿ ನಿಂತು ತಿಕ್ತಾಳೆ," ಎಂದಳು ಅವಳು. "ಬೇಡ ಅಂದ್ರೂ ಕೇಳಲ್ಲ. ಮನೆ ಬಾಡಿಗೆಗೆ ಕೊಡೋಕೆ ಶುರು ಮಾಡಿದಾಗ್ಲಿಂದ ನೋಡ್ತಾ ಇದ್ದೀನಿ. ಒಬ್ಬ ಗಂಡಸೂ ಅದನ್ನ ಮುಟ್ಟಿಲ್ಲ."

ನಾನು ಅತ್ತೆಯ ಕಡೆ ತಿರುಗಿದೆ. ಅವರು ಮೇಜಿನ ಮೇಲಿದ್ದ ಕೀಲಿಯನ್ನು ನೋಡುತ್ತಿದ್ದರು. ಬೆಟ್ಟ, ಹೋಟೆಲು, ಕಾಫಿ, ಬೆಣ್ಣೆ ರೊಟ್ಟಿ, ಒಂದೊಂದೇ ಅವರ ಮುಖದಿಂದ ಇಳಿದು ಹೋಗುವುದು ಕಾಣಿಸಿತು.

"ಕ್ಷಮಿಸಿ ಅತ್ತೆ," ಎಂದೆ.

"ಸುಮ್ನಿರೇ," ಎಂದರು ಅವರು. ಅವರ ಬಲಗೈಯಲ್ಲಿ ಆಗಲೇ ಪಾತ್ರೆ ಒರೆಸುವ ಬಟ್ಟೆ ಇತ್ತು. "ನೀನು ಇನ್ನೊಂದು ಗಳಿಗೆ ತಡೆದಿದ್ರೆ ನಾನೇ ತಿಕ್ಕಿಬಿಡ್ತಿದ್ದೆ."

ಆದರೂ ರೆಫರಿ ರೆಫರಿಯೇ. ಬಾಗಿಲ ಕಡೆ ತಿರುಗಿ ಕೂಗಿದರು: "ರೆಜೀಸ್, ಬಾರೋ ಇಲ್ಲಿ. ನೀನು ಗೆದ್ದೆ. ನಿನ್ನ ಹೆಂಡ್ತಿ ಕಲೆ ತಿಕ್ಕಿದ್ಲು."

ರೆಜೀಸ್ ಓಡಿ ಬಂದ. ನನ್ನ ಕೈಯ ಸ್ಪಂಜು ನೋಡಿ ಅವನ ಮುಖ ಬೆಳಗಿತು. ಸಿಂಕಿನ ಹತ್ತಿರ ಬಂದು ಬಗ್ಗಿದ. ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಕನ್ನಡಕ ಮೇಲೆತ್ತಿ ಇನ್ನೊಮ್ಮೆ ನೋಡಿದ. ಆಮೇಲೆ ನಮ್ಮ ಮೂವರನ್ನೂ ನೋಡಿ ಕೇಳಿದ:

"ಯಾವ ಕಲೆ?"